ಗುಟ್ಟನ್ನು ಕಾಯುವ ಗೋಡೆ

ಗೋಡೆಗೂ ಕಿವಿ ಉಂಟೆಂದು ನಮ್ಮ ಹಿರಿಯರು ಎಚ್ಚರಿಸುತ್ತಿದ್ದರು. ಈ ಗಾದೆಯನ್ನು ಕಟ್ಟಿದವರು ಭೌತವಿಜ್ಞಾನವನ್ನು ಓದಿದವರಲ್ಲವಾದರೂ ಅವರ ಮಾತಿನಲ್ಲಿ ವಿಜ್ಞಾನವು ಒಪ್ಪತಕ್ಕ ಸತ್ಯವೊಂದಿದೆ. ಗೋಡೆಯ ಒಂದು ಮಗ್ಗುಲಲ್ಲಿ ಆಡಿದ ಮಾತಿನ ಒಂದಂಶವು ಇನ್ನೊಂದು ಮಗ್ಗುಲಿಗೆ ದಾಟಿಯೇ ದಾಟುತ್ತದೆ. ಎಷ್ಟು ದಾಟುತ್ತದೆ ಎಂಬುದನ್ನು ನಾವು ಲೆಕ್ಕಹಾಕಲೂ ಬಹುದು. ಈ ಲೇಖನದಲ್ಲಿ ಅಂಥದೊಂದು ಲೆಕ್ಕವನ್ನು ಮಾಡೋಣ. ಮನಸ್ಸಿನ ನೋವನ್ನು ಹೇಳಿಕೊಳ್ಳಲು ಮನೋಚಿಕಿತ್ಸಕರ ಬಳಿಗೆ ಬಂದವರ ಮಾತು ಆ ಕೊಠಡಿಯಲ್ಲಿಯೇ ಉಳಿಯಬೇಕಾದರೆ ಏನೇನು ಬೇಕು? ಗೋಡೆಯೊಂದೇ ಸಾಕೆ? ಸಾಲದಿದ್ದರೆ ಮತ್ತೇನು ಬೇಕು?

ಮೊದಲಿಗೆ, ಇದು ಇಷ್ಟು ಮುಖ್ಯವೇಕೆ ಎಂಬುದನ್ನು ತಿಳಿಯಬೇಕು. ಜ್ವರ ಬಂದವನ ನಾಲಗೆಯಡಿ ವೈದ್ಯರು ಉಷ್ಣಮಾಪಕವನ್ನು ಇಡುತ್ತಾರೆ. ಮೂಳೆ ಮುರಿದಿದ್ದರೆ ಎಕ್ಸ್-ರೇ ಚಿತ್ರ ತೆಗೆಯುತ್ತಾರೆ. ರೋಗಿ ಬಾಯಿ ಬಿಡದಿದ್ದರೂ ಈ ಉಪಕರಣಗಳು ನಿಜವನ್ನು ಹೇಳುತ್ತವೆ. ಮನಸ್ಸಿನ ಸಂಕಟಕ್ಕೆ ಅಂಥ ಉಪಕರಣವಿಲ್ಲ. ಅಲ್ಲಿ ಬಹುಮಟ್ಟಿಗೆ ಮಾತೇ ಉಷ್ಣಮಾಪಕ, ಮಾತೇ ಔಷಧ. "ಇದು ಹೊರಗೆ ಹೋದೀತೇ?" ಎಂಬ ಅಳುಕು ಬಂದೊಡನೆ ಮಾತು ಅರ್ಧಕ್ಕೆ ನಿಲ್ಲುತ್ತದೆ. ಅರ್ಧ ಮಾತಿನಿಂದ ಮಾಡಿದ ರೋಗನಿರ್ಣಯವು ಅರ್ಧ ತುಂಬಿದ ತಕ್ಕಡಿಯಲ್ಲಿ ತೂಗಿದ ತೂಕದಂತೆ. ಆದುದರಿಂದ ಗೋಪ್ಯವನ್ನು ಕಾಪಾಡುವುದು ಚಿಕಿತ್ಸಕರು ರೋಗಿಗೆ ತೋರುವ ಬರಿಯ ಸೌಜನ್ಯವಲ್ಲ. ಚಿಕಿತ್ಸೆಯ ಸಲಕರಣೆಗಳಲ್ಲಿ ಅದೂ ಒಂದು.

ಇಲ್ಲಿ ಎರಡು ಪದಗಳ ವ್ಯತ್ಯಾಸವನ್ನು ಗಮನಿಸುವುದು ಒಳ್ಳೆಯದು. ತನ್ನ ಬಾಳಿನ ಯಾವ ಸಂಗತಿಯನ್ನು ಯಾರಿಗೆ ತಿಳಿಸಬೇಕೆಂದು ನಿಶ್ಚಯಿಸುವ ಹಕ್ಕು ಪ್ರತಿಯೊಬ್ಬನಿಗೂ ಉಂಟು, ಅದು ಖಾಸಗಿತನ. ಹಾಗೆ ನಂಬಿ ಹೇಳಿದ ಸಂಗತಿಯನ್ನು ಕೇಳಿದವರು ಬೇರೆಯವರಿಗೆ ದಾಟಿಸದೆ ಇರತಕ್ಕದ್ದು, ಅದು ಗೋಪ್ಯತೆ. ಮೊದಲನೆಯದು ಹೇಳುವವರ ಹಕ್ಕು, ಎರಡನೆಯದು ಕೇಳಿದವರ ಹೊಣೆ.

ಗೋಡೆಯ ತೂಕ

ನಮ್ಮ ಲೆಕ್ಕಕ್ಕೆ ಒಂದು ಊರು ಬೇಕು. ಕೋಲಾರದ ಚಿನ್ನದ ಗಣಿಗಳ ಪ್ರದೇಶವನ್ನು ತೆಗೆದುಕೊಳ್ಳೋಣ. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿಯ ಕೈಕೆಳಗೆ ಆಧುನಿಕ ರೀತಿಯ ಗಣಿಗಾರಿಕೆಯನ್ನು ಕಂಡ ಈ ನೆಲದಲ್ಲಿ ಮೈಸೂರು ಮೈನ್ಸ್, ಚಾಂಪಿಯನ್ ರೀಫ್, ಊರ್ಗಾಂ, ನಂದಿದುರ್ಗ ಮೊದಲಾದ ಗಣಿಗಳ ಹೆಸರುಗಳೇ ಬಡಾವಣೆಗಳ ಹೆಸರುಗಳೂ ಆದುವು. 2001ನೆಯ ಇಸವಿ ಫೆಬ್ರವರಿ 28ರಂದು ಗಣಿಗಳು ಮುಚ್ಚಿದುವು. ಆದರೆ ಕಾರ್ಮಿಕರಿಗಾಗಿ ಸಾಲುಸಾಲಾಗಿ ಕಟ್ಟಿದ ಮನೆಗಳು, ಅಂದರೆ ಅಲ್ಲಿಯ ಜನ 'ಲೈನು' ಎಂದು ಕರೆಯುವ ವಠಾರಗಳು, ಇಂದಿಗೂ ಇವೆ. ಒಂದು ಮನೆಯ ಗೋಡೆಯೇ ಪಕ್ಕದ ಮನೆಯ ಗೋಡೆ. ಗಣಿಗಾರಿಕೆಯ ಮೊದಲ ದಶಕಗಳಲ್ಲಿಯಂತೂ ಬಿದಿರಿನ ತಟ್ಟಿಯೇ ಅನೇಕರ ಗೋಡೆಯಾಗಿತ್ತು.

ಶಬ್ದವು ಗಾಳಿಯಲ್ಲಿ ಹರಿಯುವ ಒತ್ತಡದ ಅಲೆ. ಈ ಅಲೆ ಗೋಡೆಗೆ ಬಡಿದಾಗ ಗೋಡೆಯನ್ನು ಅತಿ ಸೂಕ್ಷ್ಮವಾಗಿ ಅಲುಗಿಸುತ್ತದೆ. ಅಲುಗಿದ ಗೋಡೆ ಆಚೆಯ ಗಾಳಿಯನ್ನು ಅಲುಗಿಸುತ್ತದೆ. ಅಲ್ಲಿ ಕುಳಿತವರ ಕಿವಿಗೆ ಮಾತು ತಲಪುತ್ತದೆ. ಭಾರವಾದ ಗೋಡೆಯನ್ನು ಅಲುಗಿಸುವುದು ಕಷ್ಟ. ಗೋಡೆಯ ಒಂದು ಚದರ ಮೀಟರಿನ ತೂಕವನ್ನು ಇಮ್ಮಡಿಗೊಳಿಸಿದರೆ ದಾಟಿಬರುವ ಶಬ್ದಶಕ್ತಿಯು ಸುಮಾರು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಶಬ್ದವನ್ನು ಅಳೆಯುವ ಡೆಸಿಬೆಲ್ ಎಂಬ ಮಾನದಲ್ಲಿ ಇದು 6 ಡೆಸಿಬೆಲ್ ಇಳಿತ. ಡೆಸಿಬೆಲ್ ಮಾನದ ಗುಣವೇನೆಂದರೆ, 10 ಡೆಸಿಬೆಲ್ ಇಳಿದರೆ ಶಕ್ತಿಯು ಹತ್ತನೆಯ ಒಂದಕ್ಕೂ, 20 ಇಳಿದರೆ ನೂರನೆಯ ಒಂದಕ್ಕೂ, 30 ಇಳಿದರೆ ಸಾವಿರದ ಒಂದಕ್ಕೂ ಇಳಿಯುತ್ತದೆ.

ತಟ್ಟಿಯ ತೂಕವನ್ನು ಚದರ ಮೀಟರಿಗೆ 4 ಕಿಲೋಗ್ರಾಂ ಎಂದೂ, ಒಂಬತ್ತು ಅಂಗುಲ ದಪ್ಪದ ಇಟ್ಟಿಗೆ ಗೋಡೆಯದನ್ನು 400 ಕಿಲೋಗ್ರಾಂ ಎಂದೂ ಇಟ್ಟುಕೊಳ್ಳೋಣ. ತೂಕದಲ್ಲಿ ನೂರು ಪಟ್ಟು ಅಂತರ. ಶಬ್ದವನ್ನು ತಡೆಯುವುದರಲ್ಲಿ ಸ್ಥೂಲವಾಗಿ 40 ಡೆಸಿಬೆಲ್ ಅಂತರ. ಎಂದರೆ ಇಟ್ಟಿಗೆ ಗೋಡೆ ದಾಟಿಸುವುದರ ಹತ್ತು ಸಾವಿರ ಪಟ್ಟು ಶಬ್ದಶಕ್ತಿಯನ್ನು ತಟ್ಟಿ ದಾಟಿಸುತ್ತದೆ. ತಟ್ಟಿಯಲ್ಲಿ ರಂಧ್ರಗಳೂ ಇರುವುದರಿಂದ ಅದರ ಸ್ಥಿತಿ ಇನ್ನೂ ಕೆಟ್ಟದು. ತಟ್ಟಿಮನೆಯ ಸಂಸಾರಕ್ಕೆ ಗುಟ್ಟೆಂಬುದು ಇರಲಾರದಿದ್ದರೆ ಅದು ನೆರೆಯವರ ಕೆಟ್ಟತನದಿಂದಲ್ಲ, ಗೋಡೆಯ ಹಗುರತನದಿಂದ.

ಭಾರವಾದ ಮರೆಯ ಮಹಿಮೆಯನ್ನು ಇದೇ ಊರಿನಲ್ಲಿ ವಿಜ್ಞಾನಿಗಳು ಬೇರೊಂದು ಕೆಲಸಕ್ಕೆ ಬಳಸಿಕೊಂಡರು. 1965ರಲ್ಲಿ ಚಾಂಪಿಯನ್ ರೀಫ್ ಗಣಿಯೊಳಗೆ, ನೆಲದಿಂದ ಸುಮಾರು 2,300 ಮೀಟರು ಕೆಳಗೆ, ಟಾಟಾ ಮೂಲಭೂತ ಸಂಶೋಧನ ಸಂಸ್ಥೆ, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾನಿಲಯಗಳ ವಿಜ್ಞಾನಿಗಳು ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಕಣಗಳ ಕುರುಹನ್ನು ಕಂಡರು. ಆಗಸದಿಂದ ಬೀಳುವ ಉಳಿದ ಕಣಗಳ ಗದ್ದಲವನ್ನು ಮೇಲಿನ ಬಂಡೆ ತಡೆಯಿತು. ಬಂಡೆಗೆ ಬಗ್ಗದ ನ್ಯೂಟ್ರಿನೊ ಮಾತ್ರ ಕೆಳಗಿಳಿಯಿತು. ಅವರು ಗದ್ದಲವನ್ನು ಅಡಗಿಸಿ ಒಂದು ಕ್ಷೀಣ ಸಂಕೇತವನ್ನು ಹಿಡಿಯಬೇಕಾಗಿತ್ತು. ಮನೋಚಿಕಿತ್ಸಕರ ಕೊಠಡಿಯ ಸಮಸ್ಯೆ ಇದಕ್ಕೆ ತಿರುಗುಮುರುಗು. ಅಲ್ಲಿ ಸಂಕೇತವನ್ನೇ ಅಡಗಿಸಬೇಕು.

ಬಾಗಿಲ ಕೆಳಗಿನ ಸಂದು

ಈಗ ಮನೋಚಿಕಿತ್ಸಕರೊಬ್ಬರು ರಾಬರ್ಟ್‌ಸನ್‌ಪೇಟೆಯ ಅಂಗಡಿಬೀದಿಯಲ್ಲಿ ಎರಡು ಕೊಠಡಿಗಳನ್ನು ಬಾಡಿಗೆಗೆ ಹಿಡಿದು ಖಾಸಗಿಯಾಗಿ ಚಿಕಿತ್ಸೆಯನ್ನು ಆರಂಭಿಸಿದರೆಂದು ಭಾವಿಸೋಣ. ಒಂದು ಕೊಠಡಿಯಲ್ಲಿ ಚಿಕಿತ್ಸೆ. ಇನ್ನೊಂದರಲ್ಲಿ ಮುಂದಿನವರು ಕಾದು ಕುಳಿತಿರುತ್ತಾರೆ. ನಡುವಣ ಗೋಡೆ ಇಟ್ಟಿಗೆಯದು. 45 ಡೆಸಿಬೆಲ್ ತಡೆಯುತ್ತದೆ. ಸಾಮಾನ್ಯ ಸಂಭಾಷಣೆ ಒಂದು ಮೀಟರು ದೂರದಲ್ಲಿ ಸುಮಾರು 60 ಡೆಸಿಬೆಲ್ ಇರುತ್ತದೆ. 60ರಲ್ಲಿ 45 ಕಳೆದರೆ 15. ಪಿಸುಮಾತೇ 30 ಡೆಸಿಬೆಲ್ ಇರುವಾಗ 15 ಡೆಸಿಬೆಲಿನ ಮಾತು ಯಾರಿಗೂ ಕೇಳಿಸಲಾರದು. ಚಿಕಿತ್ಸಕರು ನಿಶ್ಚಿಂತರಾಗಿರಬಹುದಷ್ಟೆ?

ಇರಲಾಗದು. ಗೋಡೆಯಲ್ಲೊಂದು ಬಾಗಿಲಿದೆ, ಬಾಗಿಲ ಕೆಳಗೆ ಒಂದು ಸೆಂಟಿಮೀಟರಿನ ಸಂದಿದೆ. ಬಾಗಿಲ ಅಗಲ ಒಂದು ಮೀಟರಾದರೆ ಸಂದಿನ ವಿಸ್ತಾರ ಚದರ ಮೀಟರಿನ ನೂರನೆಯ ಒಂದು ಭಾಗ. ಗೋಡೆಯ ವಿಸ್ತಾರ 10 ಚದರ ಮೀಟರೆಂದರೆ, ಸಂದು ಅದರ ಸಾವಿರದ ಒಂದು ಭಾಗ ಮಾತ್ರ. ಇಷ್ಟು ಸಣ್ಣದರಿಂದ ಏನಾದೀತೆಂದು ತೋರಬಹುದು. ಆದರೆ ಸಂದಿಗೆ ತೂಕವಿಲ್ಲ. ಅದರ ಮೇಲೆ ಬಿದ್ದ ಶಬ್ದವೆಲ್ಲ ತಡೆಯಿಲ್ಲದೆ ದಾಟುತ್ತದೆ. ಸಾವಿರದ ಒಂದು ಭಾಗ ಶಕ್ತಿ ದಾಟಿತೆಂದರೆ ತಡೆಯು ಬರಿಯ 30 ಡೆಸಿಬೆಲಿಗೆ ಇಳಿಯಿತು. ಇಡೀ ಗೋಡೆ ದಾಟಿಸುವುದಕ್ಕಿಂತ ಸುಮಾರು ಮೂವತ್ತು ಪಟ್ಟು ಹೆಚ್ಚು ಶಬ್ದವನ್ನು ಆ ಒಂದು ಬೆರಳಗಲದ ಸಂದು ದಾಟಿಸಿಬಿಡುತ್ತದೆ. 60 ಡೆಸಿಬೆಲಿನ ಮಾತು ಆಚೆ 30 ಡೆಸಿಬೆಲಾಗಿ, ಪಿಸುಮಾತಿನಷ್ಟಾಗಿ, ಕೇಳಿಸುತ್ತದೆ. ದುಃಖದಲ್ಲಿಯೋ ಕೋಪದಲ್ಲಿಯೋ ದನಿಯೇರಿದರೆ ಮತ್ತೂ ಹತ್ತು ಡೆಸಿಬೆಲ್ ಸೇರುತ್ತದೆ. ಅತ್ಯಂತ ಗುಟ್ಟಿನ ಮಾತುಗಳು ಆ ಹೊತ್ತಿನಲ್ಲಿಯೇ ಬರುವುದೆಂಬುದನ್ನು ಮರೆಯಬಾರದು.

ಹಳೆಯ ಕಟ್ಟಡಗಳಲ್ಲಿ ಇನ್ನೊಂದು ಬಗೆಯ ಸಂದು ಉಂಟು. ಒಂದೇ ಮಳಿಗೆಯನ್ನು ಹಲಗೆಯಿಂದ ಎರಡಾಗಿ ಮಾಡಿದಾಗ ಹಲಗೆ ಮಾಳಿಗೆಯನ್ನು ಮುಟ್ಟುವುದಿಲ್ಲ. ಹಾಗೆ ಮೇಲೆ ಒಂದಡಿ ತೆರೆದಿದ್ದರೆ ಕೆಳಗಿನ ಹಲಗೆ ಎಷ್ಟು ದಪ್ಪವಿದ್ದರೂ ಒಂದೇ.

ಪರದೆಯನ್ನು ತೂಗುಬಿಟ್ಟರೆ ಮಾತು ಹೊರಗೆ ಹೋಗದೆಂಬುದು ಬಹುಜನರ ತಪ್ಪು ತಿಳಿವಳಿಕೆ. ಪರದೆ, ಜಮಖಾನ, ಮೆತ್ತೆಗಳು ಕೊಠಡಿಯೊಳಗಿನ ಪ್ರತಿಧ್ವನಿಯನ್ನು ಹೀರುತ್ತವೆ. ಒಳಗಿನ ಶಬ್ದಶಕ್ತಿ ಅರ್ಧಕ್ಕೆ ಇಳಿದರೂ ಲಾಭ 3 ಡೆಸಿಬೆಲ್ ಮಾತ್ರ. ಹೀರುವುದು ಬೇರೆ, ತಡೆಯುವುದು ಬೇರೆ. ತಡೆಯಬೇಕಾದರೆ ತೂಕ ಬೇಕು. ತೂಕಕ್ಕಿಂತ ಮೊದಲು ಸಂದುಗಳನ್ನು ಮುಚ್ಚಬೇಕು. ಬಾಗಿಲಿನ ಅಂಚಿಗೆಲ್ಲ ಹೊಂದುವಂತೆ ರಬ್ಬರಿನ ಪಟ್ಟಿ, ಕೆಳಗೆ ಭಾರವಾದ ಬಟ್ಟೆಯ ಉರುಳೆ, ಟೊಳ್ಳಿಲ್ಲದ ಮರದ ಬಾಗಿಲು, ಬಾಗಿಲಿಂದ ದೂರಕ್ಕೆ ಹಾಕಿದ ಕುರ್ಚಿಗಳು ಇವು ಹೆಚ್ಚು ಹಣವಿಲ್ಲದೆ ಆಗತಕ್ಕ ಕೆಲಸಗಳು.

ಗದ್ದಲದ ಉಪಕಾರ

ಸಂದನ್ನು ಎಷ್ಟು ಮುಚ್ಚಿದರೂ ಅಲ್ಪಸ್ವಲ್ಪ ಸೋರುತ್ತದೆ. ಆದರೆ ದನಿ ಕೇಳಿಸುವುದು ಬೇರೆ, ಮಾತು ತಿಳಿಯುವುದು ಬೇರೆ. ನಮ್ಮ ಮಾತಿನ ಶಕ್ತಿಯ ಬಹುಪಾಲು ಸ್ವರಗಳಲ್ಲಿದೆ. ಅರ್ಥದ ಬಹುಪಾಲು ವ್ಯಂಜನಗಳಲ್ಲಿದೆ. 'ಕಲ್ಲು', 'ಹಲ್ಲು', 'ಸೊಲ್ಲು' ಎಂಬ ಪದಗಳನ್ನು ಬೇರೆಬೇರೆಯಾಗಿ ಗುರುತಿಸಲು ನೆರವಾಗುವವು ಮೊದಲಿನ ಕ್ಷಣಮಾತ್ರದ ಸದ್ದುಗಳು. ಸಕಾರದಂಥ ವ್ಯಂಜನಗಳು ಸೆಕೆಂಡಿಗೆ ಹಲವು ಸಾವಿರ ಕಂಪನಗಳ ಎತ್ತರದಲ್ಲಿ, ಬಹು ಕಡಮೆ ಶಕ್ತಿಯಿಂದ ಮೂಡುತ್ತವೆ. ಆದುದರಿಂದ ಅವನ್ನು ಮುಳುಗಿಸುವುದು ಸುಲಭ.

ಕಾದು ಕುಳಿತವರ ಕೊಠಡಿಯಲ್ಲಿ ಒಂದು ಬೀಸಣಿಗೆ ತಿರುಗುತ್ತಿದ್ದರೆ ಅದರ ಮೊರೆತ 45 ಡೆಸಿಬೆಲ್ ಇದ್ದೀತು. ಅದರಲ್ಲಿ ಎಲ್ಲ ಕಂಪನಗಳೂ ಬೆರೆತಿರುತ್ತವೆ. ಸೋರಿಬಂದ 30 ಡೆಸಿಬೆಲಿನ ಮಾತಿಗಿಂತ ಮೊರೆತವು 15 ಡೆಸಿಬೆಲ್ ಹೆಚ್ಚು. ಗದ್ದಲವು ಮಾತಿಗಿಂತ ಹತ್ತು ಡೆಸಿಬೆಲಿನಷ್ಟು ಮೇಲಿದ್ದರೆ ವಾಕ್ಯಗಳು ಬಹುಮಟ್ಟಿಗೆ ತಿಳಿಯುವುದಿಲ್ಲ. ಪಾಶ್ಚಾತ್ಯ ದೇಶಗಳ ಅನೇಕ ಮನೋಚಿಕಿತ್ಸಕರು ಬಾಗಿಲ ಹೊರಗೆ ಹೀಗೆ ಮೊರೆಯುವ ಪುಟ್ಟ ಯಂತ್ರವನ್ನು ಇಟ್ಟಿರುತ್ತಾರೆ. ಇದನ್ನು ಹೊರಗಿಡಬೇಕೇ ಹೊರತು ಒಳಗಲ್ಲ. ಒಳಗಿಟ್ಟರೆ ಮಾತಾಡುವವರು ಮೊರೆತವನ್ನು ಮೀರಲು ದನಿಯೇರಿಸುತ್ತಾರೆ, ಉದ್ದೇಶವೇ ಕೆಡುತ್ತದೆ.

ಹೆಸರಿಲ್ಲದ ಕಥೆ

ಗೋಡೆಯ ಕೆಲಸ ಇಲ್ಲಿಗೆ ಮುಗಿಯಿತು. ಆದರೆ ಗುಟ್ಟು ಗೋಡೆಯಿಂದ ಮಾತ್ರ ಸೋರುವುದಿಲ್ಲ. ಚಿಕಿತ್ಸಕರು ತಮಗೆ ಹಿರಿಯರಾದ ತಜ್ಞರೊಡನೆ ಕಠಿಣವಾದ ಪ್ರಸಂಗಗಳನ್ನು ಚರ್ಚಿಸುವುದುಂಟು. ವಿದ್ಯಾರ್ಥಿಗಳಿಗೆ ಪಾಠ ಹೇಳುವುದುಂಟು. ಹೆಸರನ್ನು ಬಿಟ್ಟು ಹೇಳಿದರೆ ತೊಂದರೆಯಿಲ್ಲವೆಂದು ಸಾಮಾನ್ಯವಾಗಿ ತಿಳಿಯುತ್ತಾರೆ. ಇದನ್ನೂ ಲೆಕ್ಕಕ್ಕೆ ಒಡ್ಡೋಣ.

ಮಕ್ಕಳ ಆಟವೊಂದನ್ನು ನೀವು ಬಲ್ಲಿರಿ. ಒಬ್ಬನು ಮನಸ್ಸಿನಲ್ಲಿ ಒಂದು ವಸ್ತುವನ್ನು ನೆನೆಯುತ್ತಾನೆ. ಉಳಿದವರು 'ಹೌದು', 'ಇಲ್ಲ' ಎಂಬ ಉತ್ತರ ಬರುವ ಪ್ರಶ್ನೆಗಳಿಂದ ಅದನ್ನು ಕಂಡುಹಿಡಿಯುತ್ತಾರೆ. ಒಳ್ಳೆಯ ಪ್ರಶ್ನೆಯೊಂದು ಉಳಿದ ಸಾಧ್ಯತೆಗಳನ್ನು ಅರ್ಧಕ್ಕೆ ಇಳಿಸುತ್ತದೆ. 2011ರ ಜನಗಣತಿಯಲ್ಲಿ ರಾಬರ್ಟ್‌ಸನ್‌ಪೇಟೆ ನಗರದ ಜನಸಂಖ್ಯೆ 1 ಲಕ್ಷ 60 ಸಾವಿರಕ್ಕೂ ಮೇಲಿತ್ತು. ಇಷ್ಟು ಜನರಲ್ಲಿ ಒಬ್ಬರನ್ನು ಗುರುತಿಸಲು ಎಷ್ಟು ಪ್ರಶ್ನೆಗಳು ಬೇಕು? 80 ಸಾವಿರ, 40 ಸಾವಿರ, 20 ಸಾವಿರ ಎಂದು ಅರ್ಧಿಸುತ್ತ ಹೋಗಿ. 18 ಪ್ರಶ್ನೆಗಳಲ್ಲಿ ಒಬ್ಬರೇ ಉಳಿಯುತ್ತಾರೆ.

ನಿಜಜೀವನದಲ್ಲಿ ಅಷ್ಟೂ ಬೇಡ. "ನಮ್ಮೂರಿನ ಒಬ್ಬ ಮಹಿಳೆ" ಎಂದೊಡನೆ ಅರ್ಧ ಊರು ಬಿಟ್ಟುಹೋಯಿತು; 80 ಸಾವಿರ ಉಳಿಯಿತು. "ವಯಸ್ಸು ಮೂವತ್ತರಿಂದ ಮೂವತ್ತೈದು" ಎಂದರೆ ಹನ್ನೆರಡರಲ್ಲಿ ಒಬ್ಬರೆಂದು ಊಹಿಸಿದರೂ ಉಳಿಯುವವರು ಆರೂವರೆ ಸಾವಿರ. "ಶಾಲೆಯಲ್ಲಿ ಉಪಾಧ್ಯಾಯಿನಿ" ಎಂದರೆ ನಲವತ್ತರಲ್ಲಿ ಒಬ್ಬರೆನ್ನೋಣ, ನೂರ ಅರುವತ್ತು. "ದಿನವೂ ಮಾರಿಕುಪ್ಪಂ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುತ್ತಾರೆ" ಎಂದರೆ ಉಳಿಯುವವರು ಬೆರಳೆಣಿಕೆಯಷ್ಟು. "ಗಂಡ ಪರದೇಶದಲ್ಲಿದ್ದಾನೆ" ಎಂಬ ಐದನೆಯ ಮಾತು ಬಂದಾಗ ಕೇಳುವವರ ಕಣ್ಣಮುಂದೆ ಒಂದೇ ಮುಖ ನಿಲ್ಲುತ್ತದೆ. ಹೆಸರನ್ನು ಯಾರೂ ಹೇಳಲಿಲ್ಲ. ಆದರೂ ಹೆಸರು ಹೊರಬಿದ್ದಿತು.

ಇದು ಬರಿಯ ಊಹೆಯಲ್ಲ. ಜೋಸೆಫ್ ಬ್ರಾಯರ್ ಮತ್ತು ಸಿಗ್ಮಂಡ್ ಫ್ರಾಯ್ಡ್ 1895ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಬ್ರಾಯರ್ ತಮ್ಮ ರೋಗಿಯೊಬ್ಬರನ್ನು 'ಆನಾ ಓ' ಎಂಬ ಕಲ್ಪಿತನಾಮದಿಂದ ಕರೆದರು. ಆಕೆ ಮುಂದೆ ಜರ್ಮನಿಯಲ್ಲಿ ಹೆಸರಾಂತ ಸಮಾಜಸೇವಕಿಯಾಗಿ ಬಾಳಿ 1936ರಲ್ಲಿ ತೀರಿಕೊಂಡರು. 1953ರಲ್ಲಿ ಫ್ರಾಯ್ಡರ ಜೀವನಚರಿತ್ರೆಯನ್ನು ಬರೆದ ಅರ್ನೆಸ್ಟ್ ಜೋನ್ಸ್ ಆಕೆಯ ನಿಜವಾದ ಹೆಸರನ್ನು ಲೋಕಕ್ಕೆ ತಿಳಿಸಿಬಿಟ್ಟರು. ಐವತ್ತೆಂಟು ವರ್ಷ ಕಾಪಾಡಿದ ಗುಟ್ಟು ಒಂದು ಪುಟದಲ್ಲಿ ರಟ್ಟಾಯಿತು. 1990ರ ದಶಕದಲ್ಲಿ ಅಮೆರಿಕದ ಲಟಾನ್ಯಾ ಸ್ವೀನಿ ಎಂಬ ವಿಜ್ಞಾನಿ, ಹೆಸರುಗಳನ್ನು ಅಳಿಸಿದ್ದ ವೈದ್ಯಕೀಯ ದಾಖಲೆಗಳಲ್ಲಿ ಹುಟ್ಟಿದ ದಿನ, ಲಿಂಗ, ಅಂಚೆ ವಲಯದ ಸಂಖ್ಯೆ ಈ ಮೂರನ್ನೇ ಹಿಡಿದು ಮತದಾರರ ಪಟ್ಟಿಯೊಡನೆ ಹೋಲಿಸಿ, ಮಸಾಚುಸೆಟ್ಸ್ ಸಂಸ್ಥಾನದ ಗವರ್ನರರ ದಾಖಲೆಯನ್ನೇ ಗುರುತಿಸಿದರು.

ಆದುದರಿಂದ ಎಚ್ಚರವುಳ್ಳ ಚಿಕಿತ್ಸಕರು ಹೆಸರನ್ನಷ್ಟೇ ಅಲ್ಲದೆ ಊರು, ಉದ್ಯೋಗ, ಸಂಸಾರದ ವಿವರಗಳನ್ನೂ ಬಿಡುತ್ತಾರೆ. ಕಡತದ ಮೇಲೆ ಹೆಸರಿನ ಬದಲು ಸಂಖ್ಯೆಯನ್ನು ಬರೆದು, ಯಾವ ಸಂಖ್ಯೆ ಯಾರದೆಂಬ ಪಟ್ಟಿಯನ್ನು ಬೇರೊಂದು ಬೀರುವಿನಲ್ಲಿ ಬೀಗ ಹಾಕಿ ಇಡುತ್ತಾರೆ. ಕಾದು ಕುಳಿತವರ ನಡುವೆ ಹೆಸರನ್ನು ಕೂಗುವುದಿಲ್ಲ. ಒಬ್ಬರು ಹೋಗುವುದಕ್ಕೂ ಇನ್ನೊಬ್ಬರು ಬರುವುದಕ್ಕೂ ನಡುವೆ ಕಾಲು ಗಂಟೆ ಬಿಡುವು ಕೊಡುತ್ತಾರೆ. ಸಂತೆಯಲ್ಲಿ ಎದುರಾದಾಗ ತಾವಾಗಿ ಮಾತಾಡಿಸುವುದಿಲ್ಲ. ಅವರು ಮಾತಾಡಿಸಿದರೆ ಮಾತ್ರ ಮಾತಾಡುತ್ತಾರೆ. "ಡಾಕ್ಟರಿಗೆ ಇವರ ಪರಿಚಯ ಹೇಗೆ?" ಎಂಬ ಪ್ರಶ್ನೆಯೇ ಚಿಕ್ಕ ಊರಿನಲ್ಲಿ ಒಂದು ಉತ್ತರವಾಗಿಬಿಡುತ್ತದೆ.

ವೈದ್ಯರು ಯಾರ ಕಡೆಯವರು?

ಈ ಊರಿನ ಹಿಂದಿನ ಚರಿತ್ರೆಯಲ್ಲಿ ನಮ್ಮ ವಿಷಯಕ್ಕೆ ಹತ್ತಿರವಾದ ಇನ್ನೊಂದು ಪಾಠವಿದೆ. ಬಂಡೆಯನ್ನು ಕೊರೆಯುವಾಗ ಏಳುವ ಸಿಲಿಕಾ ಧೂಳು ಪುಪ್ಪುಸಗಳಲ್ಲಿ ಸೇರಿ ಸಿಲಿಕೋಸಿಸ್ ಎಂಬ ಗುಣವಾಗದ ಕಾಯಿಲೆಯನ್ನು ತರುತ್ತದೆ. 1940ರಿಂದ 1946ರ ವರೆಗೆ ಚಿನ್ನದ ಗಣಿಗಳಲ್ಲಿ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕೂ ಮೇಲ್ಪಟ್ಟವರಲ್ಲಿ ಈ ಕಾಯಿಲೆ ಕಂಡುಬಂದಿತು.

ಈ ತಿಳಿವಳಿಕೆಗೆ ಎರಡು ರೂಪಗಳಿವೆ. 'ನೂರಕ್ಕೆ ನಲವತ್ತಕ್ಕೂ ಹೆಚ್ಚು' ಎಂಬ ಅಂಕಿಯಲ್ಲಿ ಯಾರ ಹೆಸರೂ ಇಲ್ಲ. ಅದು ಪ್ರಕಟವಾದುದರಿಂದ ಯಾರಿಗೂ ಕೇಡಿಲ್ಲ, ಎಲ್ಲರಿಗೂ ಹಿತ. ಧೂಳನ್ನು ಅಡಗಿಸಬೇಕು, ಪರಿಹಾರ ಕೊಡಬೇಕು ಎನ್ನಲು ಅದೇ ಸಾಕ್ಷಿ. ಆದರೆ ಒಬ್ಬ ಕಾರ್ಮಿಕನ ಎಕ್ಸ್-ರೇ ಚಿತ್ರ ಬೇರೆ. ಅದರ ಮೇಲೆ ಅವನ ಹೆಸರಿದೆ. ಅವನ ಅನ್ನವೂ ಅದರ ಮೇಲೆ ನಿಂತಿದೆ. ಸಂಬಳ ಕೊಡುವವರೇ ವೈದ್ಯರನ್ನೂ ನೇಮಿಸಿದ್ದರೆ "ಈ ವೈದ್ಯರು ನನ್ನ ಕಡೆಯವರೋ, ಅವರ ಕಡೆಯವರೋ?" ಎಂಬ ಸಂದೇಹ ಕಾರ್ಮಿಕನಿಗೆ ಬಾರದಿರುವುದು ಹೇಗೆ? ಸಂದೇಹ ಬಂದವನು ಕೆಮ್ಮನ್ನು ಬಚ್ಚಿಡುತ್ತಾನೆ.

ಇಂದು ಕಾರ್ಖಾನೆಗಳು, ಕಚೇರಿಗಳು, ಕಾಲೇಜುಗಳು ತಮ್ಮವರಿಗಾಗಿ ಆಪ್ತಸಮಾಲೋಚಕರನ್ನು ನೇಮಿಸುತ್ತಿವೆ. ಅಲ್ಲಿ ಪ್ರಶ್ನೆ ಹಾಗೆಯೇ ಉಳಿದಿದೆ. ಸಮಾಲೋಚಕರ ಸಂಬಳವನ್ನು ಕಾಲೇಜು ಕೊಟ್ಟರೂ ವಿದ್ಯಾರ್ಥಿಯ ಮಾತು ಕಾಲೇಜಿನ ಸ್ವತ್ತಾಗುವುದಿಲ್ಲ. ಈ ವರ್ಷ ಎಷ್ಟು ಜನ ಬಂದರು ಎಂಬ ಅಂಕಿಯನ್ನು ಪ್ರಾಂಶುಪಾಲರಿಗೆ ಕೊಡಬಹುದು. ಯಾರು ಬಂದರು, ಏನು ಹೇಳಿದರು ಎಂಬುದನ್ನು ಕೊಡಬಾರದು. ಈ ಒಪ್ಪಂದ ಬರಹದಲ್ಲಿರುವುದು ಮೇಲು. ಖಾಸಗಿ ಚಿಕಿತ್ಸಾಲಯದಲ್ಲಿ ನಡುವೆ ಮೂರನೆಯವರಿಲ್ಲದಿರುವುದರಿಂದ ಈ ತೊಡಕು ಕಡಮೆ. ಆದರೆ ಶುಲ್ಕವನ್ನು ತಂದೆಯೋ ಗಂಡನೋ ಕೊಡುತ್ತಿದ್ದರೆ ಅಲ್ಲಿಯೂ ಅದೇ ತೊಡಕು ತಲೆಯೆತ್ತುತ್ತದೆ.

ಕಾನೂನಿನ ಗೋಡೆ, ಅದರ ಬಾಗಿಲುಗಳು

ಇಟ್ಟಿಗೆಯ ಗೋಡೆಯಂತೆ ಕಾನೂನಿನ ಗೋಡೆಯೂ ಒಂದಿದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಹೂಡಿದ ಮೊಕದ್ದಮೆಯಲ್ಲಿ, ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಅದೇ ವರ್ಷ ಸಂಸತ್ತು ಅಂಗೀಕರಿಸಿ 2018ರ ಮೇ ತಿಂಗಳಿನಿಂದ ಜಾರಿಗೆ ಬಂದ ಮಾನಸಿಕ ಆರೋಗ್ಯ ಕಾಯಿದೆಯ 23ನೆಯ ಕಲಮು, ಮಾನಸಿಕ ಕಾಯಿಲೆಯುಳ್ಳವರ ಆರೋಗ್ಯ ಹಾಗೂ ಚಿಕಿತ್ಸೆಯ ವಿವರಗಳನ್ನು ಗೋಪ್ಯವಾಗಿಡುವುದು ಚಿಕಿತ್ಸಕರ ಕರ್ತವ್ಯವೆಂದು ವಿಧಿಸುತ್ತದೆ. 24ನೆಯ ಕಲಮಿನಂತೆ ರೋಗಿಯ ಒಪ್ಪಿಗೆಯಿಲ್ಲದೆ ಅವರ ಭಾವಚಿತ್ರವನ್ನಾಗಲಿ ವಿವರಗಳನ್ನಾಗಲಿ ಪತ್ರಿಕೆಗಳಿಗೆ ಕೊಡುವಂತಿಲ್ಲ. ವೈದ್ಯರ ನಡತೆಯನ್ನು ಕುರಿತ 2002ರ ನಿಯಮಗಳೂ ಗೋಪ್ಯವನ್ನು ವಿಧಿಸುತ್ತವೆ. ರೋಗಿ ತನ್ನ ದಾಖಲೆಯನ್ನು ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕೆಂದೂ ಹೇಳುತ್ತವೆ. ಅನ್ಯರಿಗೆ ಮುಚ್ಚಿದ ಕಡತ ರೋಗಿಗೆ ತೆರೆದಿರುತ್ತದೆ.

ಈ ಗೋಡೆಗೂ ಬಾಗಿಲುಗಳಿವೆ. ಕೆಲವನ್ನು ಬೇಕೆಂದೇ ಇಟ್ಟಿದ್ದಾರೆ. ಬೇರೊಬ್ಬರಿಗೆ ಹಿಂಸೆ ಒದಗುವ ಸಂಭವವಿದ್ದರೆ, ಯಾರದಾದರೂ ಪ್ರಾಣಕ್ಕೆ ಅಪಾಯವಿದ್ದರೆ, ಅದನ್ನು ತಡೆಯಲು ಅಗತ್ಯವಾದಷ್ಟನ್ನು ಮಾತ್ರ ಹೇಳಬಹುದು. ಉಚ್ಚ ನ್ಯಾಯಾಲಯವೋ ಸರ್ವೋಚ್ಚ ನ್ಯಾಯಾಲಯವೋ ಆಜ್ಞೆ ಮಾಡಿದರೆ ಹೇಳಬೇಕು. ಮಕ್ಕಳ ಮೇಲಣ ಲೈಂಗಿಕ ಅಪರಾಧಗಳನ್ನು ಕುರಿತ 2012ರ ಕಾಯಿದೆಯ ಪ್ರಕಾರ ಅಂಥ ಅಪರಾಧ ತಿಳಿದುಬಂದರೆ ಪೊಲೀಸರಿಗೆ ತಿಳಿಸಲೇಬೇಕು, ಸುಮ್ಮನಿರುವುದೇ ಅಪರಾಧ. ವಕೀಲರಿಗೂ ಕಕ್ಷಿಗಾರರಿಗೂ ನಡೆದ ಮಾತನ್ನು ಸಾಕ್ಷ್ಯದ ಕಾನೂನು ವಿಶೇಷವಾಗಿ ರಕ್ಷಿಸುತ್ತದೆ. ಮನೋಚಿಕಿತ್ಸಕರ ಮಾತಿಗೆ ನಮ್ಮ ದೇಶದಲ್ಲಿ ಆ ವಿಶೇಷ ರಕ್ಷಣೆಯಿಲ್ಲ. ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1996ರಲ್ಲಿ ಅಂಥ ರಕ್ಷಣೆಯನ್ನು ತನ್ನ ಒಕ್ಕೂಟ ನ್ಯಾಯಾಲಯಗಳ ಮಟ್ಟಿಗೆ ಒಪ್ಪಿಕೊಂಡಿದೆ.

ಬಾಗಿಲುಗಳು ಏಕೆ ಬೇಕೆಂಬುದನ್ನು ಕ್ಯಾಲಿಫೋರ್ನಿಯದ ಟರಾಸಾಫ್ ಮೊಕದ್ದಮೆ ತಿಳಿಸುತ್ತದೆ. 1969ರಲ್ಲಿ ಬರ್ಕ್‌ಲಿಯ ವಿದ್ಯಾರ್ಥಿಯೊಬ್ಬನು ಒಬ್ಬ ತರುಣಿಯನ್ನು ಕೊಲ್ಲುವ ಆಲೋಚನೆಯನ್ನು ತನ್ನ ಮನೋಚಿಕಿತ್ಸಕರಿಗೆ ಹೇಳಿದ್ದನು. ಚಿಕಿತ್ಸಕರು ವಿಶ್ವವಿದ್ಯಾನಿಲಯದ ಪೊಲೀಸರಿಗೆ ತಿಳಿಸಿದರು. ಅವರು ಅವನನ್ನು ವಿಚಾರಿಸಿ ಬಿಟ್ಟರು. ತರುಣಿಗಾಗಲಿ ಆಕೆಯ ಮನೆಯವರಿಗಾಗಲಿ ಯಾರೂ ಎಚ್ಚರಿಕೆ ಕೊಡಲಿಲ್ಲ. ಅವನು ಆಕೆಯನ್ನು ಕೊಂದನು. ಅಪಾಯಕ್ಕೆ ಗುರಿಯಾದವರನ್ನು ಕಾಪಾಡಲು ತಕ್ಕ ಕ್ರಮ ಕೈಕೊಳ್ಳುವುದು ಚಿಕಿತ್ಸಕರ ಹೊಣೆಯೆಂದು 1976ರಲ್ಲಿ ಅಲ್ಲಿಯ ನ್ಯಾಯಾಲಯ ತೀರ್ಪಿತ್ತಿತು.

ಈ ಬಾಗಿಲುಗಳಿಂದ ಗೋಪ್ಯವೇ ಸುಳ್ಳಾಗುವುದೆಂದು ಕೆಲವರು ಹೇಳಬಹುದು. ಹಾಗಲ್ಲ. ಎಲ್ಲಿದೆಯೆಂದು ಗೊತ್ತಿರುವ ಬಾಗಿಲಿನಿಂದ ಮೋಸವಿಲ್ಲ. ಗೊತ್ತಿಲ್ಲದ ಸಂದಿನಿಂದ ಮೋಸವಾಗುತ್ತದೆ. ಆದುದರಿಂದಲೇ ಒಳ್ಳೆಯ ಚಿಕಿತ್ಸಕರು ಮೊದಲ ದಿನವೇ, ಮಾತು ಆರಂಭವಾಗುವುದಕ್ಕೆ ಮುಂಚೆಯೇ, "ಇಂತಿಂಥ ಸಂದರ್ಭಗಳಲ್ಲಿ ನಾನು ಹೇಳಬೇಕಾಗುತ್ತದೆ, ಉಳಿದುದೆಲ್ಲ ನನ್ನಲ್ಲಿಯೇ ಉಳಿಯುತ್ತದೆ" ಎಂದು ತಿಳಿಸುತ್ತಾರೆ. ಹದಿನೆಂಟು ತುಂಬದವರು ಬಂದರೆ, ತಂದೆತಾಯಿಗಳಿಗೆ ಯಾವುದನ್ನು ತಿಳಿಸುವುದು, ಯಾವುದನ್ನು ತಿಳಿಸಬೇಕಾಗಿಲ್ಲ ಎಂಬುದನ್ನು ಎಲ್ಲರನ್ನೂ ಕೂರಿಸಿಕೊಂಡು ಮೊದಲೇ ಗೊತ್ತುಮಾಡುತ್ತಾರೆ. ಹೇಳದಿದ್ದರೆ ನೀವೇ ಕೇಳಿರಿ. ಚಿಕಿತ್ಸಕರ ವಿದ್ಯಾರ್ಹತೆ ಏನು, ಶಾಸನಬದ್ಧವಾದ ನೋಂದಣಿ ಇದೆಯೇ, ಕಡತವನ್ನು ಎಲ್ಲಿಡುತ್ತಾರೆ, ಎಷ್ಟು ಕಾಲ ಇಡುತ್ತಾರೆ ಎಂಬುದನ್ನೂ ಕೇಳಬಹುದು. ಇದು ಉದ್ಧಟತನವಲ್ಲ.

ದೂರವಾಣಿಯ ಕೊಠಡಿ

ಈಚಿನ ವರ್ಷಗಳಲ್ಲಿ ಚಿಕಿತ್ಸೆ ಮೊಬೈಲಿನಲ್ಲಿಯೂ ನಡೆಯುತ್ತಿದೆ. ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ 'ಟೆಲಿ ಮಾನಸ್' ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೇ ಮುಖ್ಯ ಕೇಂದ್ರ. 14416 ಎಂಬ ಸಂಖ್ಯೆಗೆ ಯಾರು ಬೇಕಾದರೂ ಕರೆಮಾಡಬಹುದು. ಬಂಗಾರಪೇಟೆಯಲ್ಲಿರುವವರು ಬೆಂಗಳೂರಿನ ಖಾಸಗಿ ಚಿಕಿತ್ಸಕರೊಡನೆ ಮನೆಯಲ್ಲಿಯೇ ಕುಳಿತು ಮಾತಾಡಬಹುದು. ಊರವರ ಕಣ್ಣಿಗೆ ಬೀಳುವ ಭಯ ಇದರಿಂದ ತಪ್ಪುತ್ತದೆ.

ಆದರೆ ಇಲ್ಲಿ ಕೊಠಡಿಗಳು ಎರಡಾದುವು. ಚಿಕಿತ್ಸಕರ ಗೋಡೆ ಎಷ್ಟು ಭಾರವಾಗಿದ್ದರೇನು? ಹೇಳುವವರು ಒಂಟಿಕೋಣೆಯ ಮನೆಯಲ್ಲಿ, ಪಕ್ಕದ ಮನೆಯ ಗೋಡೆಗೆ ಒರಗಿ ಕುಳಿತಿರಬಹುದು. ಕಿವಿಗೆ ಸಿಕ್ಕಿಸಿಕೊಂಡ ಶ್ರವಣಯಂತ್ರವು ಚಿಕಿತ್ಸಕರ ಮಾತನ್ನು ಮಾತ್ರ ಬಚ್ಚಿಡುತ್ತದೆ. ಗುಟ್ಟಿರುವುದು ಇನ್ನೊಬ್ಬರ ಮಾತಿನಲ್ಲಿ. ಮೇಲೆ ಹೇಳಿದ ಲೆಕ್ಕ ಇಲ್ಲಿ ಕೆಲಸಕ್ಕೆ ಬರುತ್ತದೆ. ಬಾಗಿಲ ಹೊರಗೆ ರೇಡಿಯೋ ಹಾಡುತ್ತಿರಲಿ. ಕುಳಿತುಕೊಳ್ಳುವ ಜಾಗ ಪಾಲುಗೋಡೆಯಿಂದ ದೂರವಿರಲಿ. ಸಾಧ್ಯವಾದರೆ ಬಯಲಿನಲ್ಲಿ ನಡೆಯುತ್ತ ಮಾತಾಡಿರಿ. ತೆರೆದ ಬಯಲಿನಲ್ಲಿ ದೂರವು ಇಮ್ಮಡಿಯಾದಂತೆಲ್ಲ ಶಬ್ದವು 6 ಡೆಸಿಬೆಲ್ ಇಳಿಯುತ್ತದೆ. ತೂಕವನ್ನು ಇಮ್ಮಡಿಸಿದ ಗೋಡೆ ಮಾಡುವ ಕೆಲಸವನ್ನು ಅಲ್ಲಿ ನಾಲ್ಕು ಹೆಜ್ಜೆಗಳ ದೂರವೇ ಎಂಟು ಹೆಜ್ಜೆಗಳಾಗಿ ಮಾಡಿಕೊಡುತ್ತದೆ. ಮೊಬೈಲಿನಲ್ಲಿ ಉಳಿಯುವ ಬರಹದ ಸಂದೇಶಗಳನ್ನು ಅಳಿಸುವುದನ್ನೂ, ಮನೆಯವರೆಲ್ಲ ಬಳಸುವ ಮೊಬೈಲಾದರೆ ಕರೆಗಳ ಪಟ್ಟಿಯನ್ನೂ ಮರೆಯಬಾರದು.

ಹೀಗೆ ಒಂದು ಗುಟ್ಟನ್ನು ಕಾಯಲು ಹಲವು ಗೋಡೆಗಳು ಬೇಕಾಗುತ್ತವೆ. ಇಟ್ಟಿಗೆಯ ಗೋಡೆ, ಬೀಗ ಹಾಕಿದ ಕಡತ, ವಿವರಗಳನ್ನು ಬಿಟ್ಟು ಹೇಳುವ ಸಂಯಮ, ಕಾನೂನು ಇವುಗಳಲ್ಲಿ ಯಾವ ಒಂದರಲ್ಲಿ ಸಂದಿದ್ದರೂ ಉಳಿದವುಗಳ ಭಾರದಿಂದ ಪ್ರಯೋಜನವಿಲ್ಲ; ಬಾಗಿಲ ಕೆಳಗಿನ ಬೆರಳಗಲದ ಸಂದಿನ ಲೆಕ್ಕ ಇಲ್ಲಿಯೂ ನಿಜ. ಸಂದುಗಳನ್ನು ಹುಡುಕಿ ಮುಚ್ಚುವ ಕೆಲಸ ಚಿಕಿತ್ಸಕರದು. ಗೆಳೆಯನೊಬ್ಬನು ಸಮಾಲೋಚಕರ ಬಾಗಿಲಿನಿಂದ ಹೊರಬರುವುದನ್ನು ಕಂಡಾಗ ಅದನ್ನು ನಾಲ್ವರಿಗೆ ಹೇಳದೆ ಸುಮ್ಮನೆ ಮುಂದೆ ಹೋಗುವುದು ಮಾತ್ರ ನಮ್ಮ ನಿಮ್ಮೆಲ್ಲರ ಕೈಯಲ್ಲಿರುವ ಕೆಲಸ.